ಮೋಟಾರ್ ಸೈಕಲ್ಲಿನ ಆಯಿಲ್ ಸೋರಿಕೆ: ವಾರಂಟಿಯಲ್ಲಿ ರಿಪೇರಿ ಮಾಡಿಸಿಕೊಳ್ಳುವ ಬಗೆ

ಭತ್ತದ ಸಸಿಮಡಿ, ಬಾಳೆಯ ಕಂದು, ದನಕರುಗಳ ಮೇವು, ಇವುಗಳ ವಿಚಾರ ಮಾತನಾಡುವ ಈ ಹೊತ್ತಿನಲ್ಲಿ ಮೋಟಾರ್ ಸೈಕಲ್ಲಿನ ಮಾತು ಯಾಕೆ ಬಂತು ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಹೆಡತಲೆಯನ್ನೇ ತೆಗೆದುಕೊಳ್ಳಿ. ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನವಿರುವ ಈ ಹಳೆಯ ಊರಿನವರಿಗೆ ಒಂದು ಕಡೆ ನಂಜನಗೂಡಿನ ಪೇಟೆ, ಇನ್ನೊಂದು ಕಡೆ ತಿರುಮಕೂಡಲು ನರಸೀಪುರದ ಪೇಟೆ. ಗೊಬ್ಬರದ ಮೂಟೆ ತರಬೇಕು, ಹಾಲಿನ ಕ್ಯಾನು ಡೇರಿಗೆ ಮುಟ್ಟಿಸಬೇಕು, ಬಾಳೆಗೊನೆಗೆ ಬೆಲೆ ಎಷ್ಟಿದೆ ಎಂದು ಕೇಳಿ ಬರಬೇಕು, ಅಪರಾತ್ರಿಯಲ್ಲಿ ಕರೆಂಟು ಬಂದರೆ ಪಂಪ್‌ಸೆಟ್ಟಿನ ಹತ್ತಿರ ಓಡಬೇಕು. ಹಿಂದೆ ಎತ್ತಿನ ಗಾಡಿಯಿಂದಲೂ ಕಾಲ್ನಡಿಗೆಯಿಂದಲೂ ಆಗುತ್ತಿದ್ದ ಕೆಲಸವನ್ನು ಈಗ ಬಹುಮಟ್ಟಿಗೆ ಈ ಎರಡು ಚಕ್ರದ ಗಾಡಿಯೇ ಮಾಡುತ್ತಿದೆ. ಆದ್ದರಿಂದ ಇದೂ ಒಂದು ಬೇಸಾಯದ ಮುಟ್ಟು. ನೇಗಿಲು ಕುಂಟೆಗಳ ಯೋಗಕ್ಷೇಮ ನೋಡಿಕೊಂಡ ಹಾಗೆಯೇ ಇದನ್ನೂ ನೋಡಿಕೊಳ್ಳಬೇಕು.

ಅದೂ ಅಲ್ಲದೆ, ಗಾಡಿಯನ್ನು ರೊಕ್ಕ ಎಣಿಸಿ ಕೊಂಡವರು ಕಡಿಮೆ. ಕಂತಿನ ಮೇಲೆ ಕೊಂಡವರೇ ಹೆಚ್ಚು. ಎಂಜಿನ್ ಕೆಟ್ಟು ಗಾಡಿ ಕೊಟ್ಟಿಗೆಯಲ್ಲಿ ನಿಂತರೂ ಕಂತು ನಿಲ್ಲುವುದಿಲ್ಲ. ಸಾಲ ಕೊಟ್ಟವರಿಗೂ ಗಾಡಿಯ ರಿಪೇರಿಗೂ ಸಂಬಂಧವಿಲ್ಲ. ದುಡಿಯುವ ಮುಟ್ಟು ನಿಂತುಹೋಗಿ, ಅದರ ಸಾಲ ಮಾತ್ರ ನಡೆಯುವುದೆಂದರೆ ಸಂಸಾರಕ್ಕೆ ಎಷ್ಟು ಕಷ್ಟ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಇಂಥ ಕಷ್ಟ ಅನೇಕ ವೇಳೆ ಒಂದು ಹನಿ ಆಯಿಲ್‌ನಿಂದ ಶುರುವಾಗುತ್ತದೆ. ವಾರಂಟಿ ಇರುವ ಗಾಡಿಯಲ್ಲಿ ಆ ಹನಿ ಕಂಡಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ದಿನ ತಿಳಿಯೋಣ.

ಬೆಳಗ್ಗೆ ಅಂಗಳ ಗುಡಿಸಿ ಸಗಣಿ ನೀರು ಹಾಕುವ ತಾಯಿಗೇ ಸಾಮಾನ್ಯವಾಗಿ ಮೊದಲು ಕಾಣುವುದು, ರಾತ್ರಿ ಗಾಡಿ ನಿಲ್ಲಿಸಿದ್ದ ಕಡೆ ಒಂದು ಕಪ್ಪು ಚುಕ್ಕೆ. ಆಕೆ ಹೇಳುತ್ತಾಳೆ. ಮನೆಯ ಹಿರಿಯರು, 'ಗಾಡಿ ಅಂದಮೇಲೆ ಒಂದು ಹನಿ ಬಿದ್ದೇ ಬೀಳ್ತದೆ, ಏನೂ ಆಗಲ್ಲ ಬುಡು' ಎನ್ನುತ್ತಾರೆ. ಹಿರಿಯರ ಈ ಮಾತಿಗೆ ಒಂದು ಕಾರಣ ಉಂಟು. ನಮ್ಮ ಮೈಸೂರಿನಲ್ಲಿಯೇ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್ ಸೈಕಲ್ ತಯಾರಿಸಲು ಶುರುಮಾಡಿತು. ಮೊದಲು ಜಾವಾ, 1973ರಿಂದ ಯೆಜ್ಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗಾಡಿಗಳು ಟೂ ಸ್ಟ್ರೋಕ್ ಎಂಜಿನ್ನಿನವು. ಅವುಗಳಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸುತ್ತಿದ್ದರು. ಪಿಸ್ಟನ್ನಿಗೆ ಬೇಕಾದ ಜಿಡ್ಡು ಪೆಟ್ರೋಲಿನೊಂದಿಗೆ ಹೋಗುತ್ತಿತ್ತು. ಗೇರು ಪೆಟ್ಟಿಗೆಯ ಆಯಿಲ್ ಬೇರೆ. ಅಲ್ಲಿಂದ ಒಂದು ಹನಿ ಸೋರಿದರೂ ಪಿಸ್ಟನ್ನಿಗೆ ತಟ್ಟನೆ ಅಪಾಯವಿರಲಿಲ್ಲ.

ಈಗಿನ ಗಾಡಿಗಳು ಫೋರ್ ಸ್ಟ್ರೋಕ್. ಇವುಗಳಲ್ಲಿ ಬಹುಪಾಲು ಮೋಟಾರ್ ಸೈಕಲ್ಲುಗಳಿಗೆ ಎಂಜಿನ್, ಕ್ಲಚ್ಚು, ಗೇರು ಮೂರಕ್ಕೂ ಒಂದೇ ಆಯಿಲ್. ಹಳ್ಳಿಗಳಲ್ಲಿ ಹೆಚ್ಚಾಗಿ ಓಡುವ ಚಿಕ್ಕ ಗಾಡಿಗಳಲ್ಲಿ ಅದು ಸುಮಾರು ಒಂದು ಲೀಟರು. ಅಷ್ಟರಲ್ಲಿಯೇ ಕಬ್ಬಿಣದ ಮೇಲೆ ಕಬ್ಬಿಣ ಉಜ್ಜದ ಹಾಗೆ ಕಾಯಬೇಕು, ಕಾವನ್ನೂ ಹೊರಕ್ಕೆ ತರಬೇಕು. ಆ ಒಂದು ಲೀಟರಿನಲ್ಲಿ ಕಾಲು ಭಾಗ ಸೋರಿಹೋದರೆ ಉಳಿದದ್ದು ಬೇಗ ಕಾಯುತ್ತದೆ. ಇನ್ನೂ ಕಡಿಮೆಯಾದರೆ ಪಿಸ್ಟನ್ನು ಬೋರಿಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ನಾವು 'ಎಂಜಿನ್ ಸೀಜಾಯ್ತು' ಎನ್ನುವುದು. ಅನೇಕ ಗಾಡಿಗಳಲ್ಲಿ ಆಯಿಲ್ ಕಡಿಮೆಯಾಯಿತೆಂದು ಹೇಳಲು ದೀಪವೂ ಇಲ್ಲ. ಅಂಗಳದ ಕಪ್ಪು ಚುಕ್ಕೆಯೇ ದೀಪ.

ಇನ್ನೊಂದು ಅಪಾಯವುಂಟು. ಸೋರಿದ ಆಯಿಲ್ ಹಿಂದಿನ ಟೈರಿಗೆ ತಾಗಿದರೆ ಗಾಡಿ ತಿರುವಿನಲ್ಲಿ ಜಾರುತ್ತದೆ. ಹಿಂದೆ ಹೆಂಡತಿ ಮಕ್ಕಳು ಕುಳಿತಿರುತ್ತಾರೆ ಎಂಬುದನ್ನು ಮರೆಯಬಾರದು.

ಸರಿ, ಚುಕ್ಕೆ ಕಂಡಿತು. ಈಗ ಮಾಡಬೇಕಾದದ್ದೇನು? ಮೊದಲನೆಯದಾಗಿ, ಅದು ಆಯಿಲ್ ಹೌದೋ ಅಲ್ಲವೋ, ಎಲ್ಲಿಂದ ಬರುತ್ತಿದೆ ಎಂದು ಗೊತ್ತುಮಾಡಿಕೊಳ್ಳಿ. ಚೈನಿಗೆ ಹಾಕಿದ ಗ್ರೀಸು ಕರಗಿ ಬಿದ್ದರೂ ಚುಕ್ಕೆ ಕಾಣುತ್ತದೆ. ಪೆಟ್ರೋಲಾದರೆ ವಾಸನೆ ಬರುತ್ತದೆ, ಬೇಗ ಆರಿಹೋಗುತ್ತದೆ. ಪೆಟ್ರೋಲು ಸೋರುತ್ತಿದ್ದರೆ ಗಾಡಿಯನ್ನು ಬೆಂಕಿ, ಒಲೆಗಳಿಂದ ದೂರವಿಟ್ಟು ಕೂಡಲೇ ತೋರಿಸಬೇಕು. ಮುಂದಿನ ಶಾಕ್ ಅಬ್ಸಾರ್ಬರಿನಲ್ಲಿಯೂ ಬೇರೆ ಆಯಿಲ್ ಉಂಟು. ಅದು ಸೋರಿದರೆ ಮುಂದಿನ ಚಕ್ರದ ಮೇಲಿನ ಕೊಳವೆಯಲ್ಲಿ ಜಿಡ್ಡು ಕಾಣುತ್ತದೆ.

ಎಂಜಿನ್ನಿನ ಸೋರಿಕೆಯನ್ನು ಹುಡುಕುವ ಉಪಾಯ ಸುಲಭ. ಎಂಜಿನ್ ತಣ್ಣಗಿರುವಾಗ ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಣಗಿಸಿ. ಅನುಮಾನ ಬಂದ ಜಾಗದ ಮೇಲೆ ಮುಖಕ್ಕೆ ಹಾಕುವ ಪೌಡರನ್ನು ತೆಳ್ಳಗೆ ಉದುರಿಸಿ. ಊರ ಸುತ್ತ ಒಂದು ಸುತ್ತು ಹೋಗಿಬಂದು ಗಾಡಿಯನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೆಳಗೆ ಒಂದು ರಟ್ಟು ಹಾಕಿ. ಪೌಡರಿನ ಮೇಲೆ ಒದ್ದೆ ಗೆರೆ ಎಲ್ಲಿಂದ ಇಳಿದಿದೆಯೋ ಅಲ್ಲಿಯೇ ಸೋರಿಕೆ. ಗಾಳಿಗೆ ಆಯಿಲ್ ಹಿಂದಕ್ಕೂ ಕೆಳಕ್ಕೂ ಹರಡುವುದರಿಂದ, ಒದ್ದೆಯಾದ ಜಾಗದಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕಬೇಕು.

ಸಾಮಾನ್ಯವಾಗಿ ಸೋರುವ ಜಾಗಗಳು ನಾಲ್ಕು. ಎಂಜಿನ್ನಿನ ತಲೆಯ ಮುಚ್ಚಳದ ಕೂಡುಗೆರೆ ಒಂದು. ಬಲಗಡೆ ಎಡಗಡೆಯ ದೊಡ್ಡ ಮುಚ್ಚಳಗಳ ನಡುವೆ ಇಡುವ ಗ್ಯಾಸ್ಕೆಟ್ಟು ಎರಡು. ಗೇರು ಪೆಡಲಿನ ಕಡ್ಡಿ ಮತ್ತು ಚೈನಿನ ಮುಂದಿನ ಹಲ್ಲುಚಕ್ರದ ಹಿಂದೆ ಇರುವ ರಬ್ಬರಿನ ಆಯಿಲ್ ಸೀಲು ಮೂರು. ಆಯಿಲ್ ಇಳಿಸುವ ಡ್ರೇನ್ ಬೋಲ್ಟು ನಾಲ್ಕು. ಗಾಡಿ ಹೊಸದಿರುವಾಗಲೇ ಮೊದಲ ಮೂರರಲ್ಲಿ ಸೋರಿದರೆ ಜೋಡಣೆಯ ದೋಷವೋ ಸಾಮಾನಿನ ದೋಷವೋ ಇರುವ ಸಂಭವ ಹೆಚ್ಚು. ಡ್ರೇನ್ ಬೋಲ್ಟಿನಲ್ಲಿ ಸೋರಿದರೆ, ಹಿಂದಿನ ಸರ್ವಿಸಿನಲ್ಲಿ ವಾಷರು ಬದಲಿಸಲಿಲ್ಲವೋ, ಅತಿಯಾಗಿ ಬಿಗಿದು ಮರೆ ಕೆಡಿಸಿದರೋ ವಿಚಾರಿಸಬೇಕು.

ನಮ್ಮ ಕಡೆಯ ಒಂದು ವಿಶೇಷವನ್ನೂ ಹೇಳಬೇಕು. ಕಬಿನಿ ನಾಲೆಯ ಬಯಲಿನಲ್ಲಿ ರಸ್ತೆಗೆ ಹರಡಿದ ಭತ್ತದ ಹುಲ್ಲಿನ ಮೇಲೆ ಗಾಡಿ ಓಡಿಸುತ್ತೇವೆ. ಬಾಳೆ ತೋಟದೊಳಕ್ಕೂ ಓಡಿಸುತ್ತೇವೆ. ಹುಲ್ಲು, ಬಾಳೆನಾರು ಚೈನಿನ ಮುಂದಿನ ಹಲ್ಲುಚಕ್ರದ ಒಳಗೆ ಸುತ್ತಿಕೊಂಡು, ಕೆಸರಿನೊಡನೆ ಸೇರಿ, ಆಯಿಲ್ ಸೀಲಿನ ತುಟಿಯನ್ನು ಕೊಯ್ದುಬಿಡುತ್ತದೆ. ಇದು ಕಂಪೆನಿಯ ದೋಷವಲ್ಲ. ಆಗಾಗ ಚೈನಿನ ಜಾಗವನ್ನು ನೋಡಿ ನಾರು ತೆಗೆದು ಶುಚಿಮಾಡಿಸುತ್ತಿದ್ದರೆ ನಮಗೂ ನಷ್ಟವಿಲ್ಲ, 'ಇದು ನಿಮ್ಮ ತಪ್ಪು' ಎನ್ನಲು ಅವರಿಗೂ ಅವಕಾಶವಿಲ್ಲ.

ಎರಡನೆಯದು, ಮಾಡಬಾರದ ಕೆಲಸ. ವಾರಂಟಿ ಇರುವ ಗಾಡಿಯ ಎಂಜಿನ್ನನ್ನು ರಸ್ತೆ ಬದಿಯಲ್ಲಿ ಬಿಚ್ಚಿಸಬೇಡಿ. ನಮ್ಮ ಊರುಗಳ ಮೆಕ್ಯಾನಿಕ್ಕುಗಳು ಕೈಗುಣವಿರುವವರು, ನಂಬಿಕಸ್ಥರು, ವಾರಂಟಿ ತೀರಿದ ಮೇಲೆ ಅವರೇ ನಮಗೆ ದಿಕ್ಕು. ಆದರೆ ಅಧಿಕಾರವಿಲ್ಲದ ಕೈ ಎಂಜಿನ್ ಬಿಚ್ಚಿದರೆ ವಾರಂಟಿ ಹೋಗುತ್ತದೆಂದು ಕಂಪೆನಿಗಳ ಪುಸ್ತಕದಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಮೇಲಿನಿಂದ ಅಂಟು ಮೆತ್ತಿಸುವುದೂ ಬೇಡ. ಅಂಟು ಸೋರಿಕೆಯನ್ನು ಮುಚ್ಚುವುದಿಲ್ಲ, ಸೋರಿಕೆಯ ಗುರುತನ್ನು ಮಾತ್ರ ಮುಚ್ಚುತ್ತದೆ.

ಮೂರನೆಯದು, ಆಯಿಲಿನ ಮಟ್ಟ ನೋಡುವುದು. ಗಾಡಿ ನೆಟ್ಟಗೆ ನಿಂತಿರಬೇಕು. ಎಷ್ಟು ಹೊತ್ತು ಓಡಿಸಿ ಎಷ್ಟು ಹೊತ್ತು ಬಿಟ್ಟು ನೋಡಬೇಕು ಎಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಅಳತೆಯ ಕಡ್ಡಿಯ ಕೆಳಗೆರೆಗಿಂತ ಆಯಿಲ್ ಇಳಿದಿದ್ದರೆ ಓಡಿಸಲೇಬೇಡಿ. ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಕೊಂಡು ಮೇಲುಗೆರೆ ಮೀರದಂತೆ ತುಂಬಿಸಿ, ಅದರ ರಶೀದಿ ಇಟ್ಟುಕೊಳ್ಳಿ. ಆಮೇಲೆ ಗಾಡಿಯನ್ನು ಕಂಪೆನಿಯ ಅಧಿಕೃತ ಸರ್ವಿಸ್ ಅಂಗಡಿಗೆ ತೆಗೆದುಕೊಂಡು ಹೋಗಿ. ನಂಜನಗೂಡಿನ ರಸ್ತೆಯಲ್ಲಿ ಕಡಕೊಳದ ಹತ್ತಿರ ಟಿವಿಎಸ್ ಗಾಡಿಗಳ ಕಾರ್ಖಾನೆಯೇ ಇದೆಯಲ್ಲ, ಅಲ್ಲಿಗೇ ಹೋಗೋಣ ಎಂದರೆ ಆಗದು. ಯಾವ ಕಂಪೆನಿಯೇ ಆಗಲಿ, ನಮಗೆ ತೆರೆದಿರುವ ಬಾಗಿಲು ಅಧಿಕೃತ ಸರ್ವಿಸ್ ಅಂಗಡಿಯದು, ಕಾರ್ಖಾನೆಯ ಗೇಟಲ್ಲ.

ಹೋಗುವಾಗ ಕೈಯಲ್ಲಿ ಇರಬೇಕಾದದ್ದು: ಗಾಡಿ ಕೊಂಡ ಬಿಲ್ಲು, ಆರ್.ಸಿ., ವಾರಂಟಿಯ ಪುಸ್ತಕ, ಈವರೆಗೆ ಮಾಡಿಸಿದ ಸರ್ವಿಸುಗಳ ರಶೀದಿ. ಬಿತ್ತನೆ ಬೀಜ ಕೊಂಡಾಗ ಚೀಲ, ಚೀಟಿ, ಬಿಲ್ಲು ಮೂರನ್ನೂ ಬೆಳೆ ಕೈಗೆ ಬರುವ ತನಕ ಜೋಪಾನ ಮಾಡಿ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಇದೂ ಅದೇ ಮಾತು. ಸೋರುವ ಜಾಗದ ಫೋಟೋವನ್ನೂ, ಕಿಲೋಮೀಟರ್ ಮೀಟರಿನ ಫೋಟೋವನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ವಾರಂಟಿ ಎಂದರೆ ಏನು? ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರಿನೊಳಗೆ, ಯಾವುದು ಮೊದಲು ಮುಗಿಯುತ್ತದೋ ಅದರೊಳಗೆ, ತಯಾರಿಕೆಯ ದೋಷ ಕಂಡರೆ ಖರ್ಚಿಲ್ಲದೆ ಸರಿಮಾಡಿಕೊಡುತ್ತೇವೆ ಎಂದು ಕಂಪೆನಿಯವರು ಬರೆದುಕೊಟ್ಟ ಕರಾರು. ಫ್ರೀ ಸರ್ವಿಸು ಬೇರೆ, ವಾರಂಟಿ ಬೇರೆ. ಫ್ರೀ ಸರ್ವಿಸಿನಲ್ಲಿ ಕೂಲಿ ಇಲ್ಲದಿದ್ದರೂ ಆಯಿಲಿಗೆ ದುಡ್ಡು ಕೊಡುತ್ತೇವೆ. ಫ್ರೀ ಸರ್ವಿಸುಗಳು ಮುಗಿದ ಮೇಲೂ ವಾರಂಟಿ ಇರಬಹುದು. ಆದರೆ ಸರ್ವಿಸನ್ನು ಹೇಳಿದ ಗಡುವಿನಲ್ಲಿ ಮಾಡಿಸದಿದ್ದರೆ ವಾರಂಟಿಗೆ ತಕರಾರು ಬರುತ್ತದೆ. ರಬ್ಬರು ಸಾಮಾನು, ಸೀಲು, ಗ್ಯಾಸ್ಕೆಟ್ಟುಗಳಿಗೆ ಒಂದೊಂದು ಕಂಪೆನಿಯ ಷರತ್ತು ಒಂದೊಂದು ರೀತಿ. ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಓದುಬರಹ ಬಲ್ಲ ಮಕ್ಕಳಿಂದ ಆ ಒಂದು ಪುಟವನ್ನಾದರೂ ಓದಿಸಿ ತಿಳಿದುಕೊಳ್ಳಿ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಅಂಗಡಿಯಲ್ಲಿ ಗಾಡಿ ಬಿಟ್ಟಾಗ ಅವರು ಜಾಬ್ ಕಾರ್ಡ್ ಎಂಬ ಚೀಟಿ ಬರೆಯುತ್ತಾರೆ. ಎಷ್ಟೋ ವೇಳೆ ಅಲ್ಲಿ ನಡೆಯುವ ಮಾತುಕತೆ ಹೀಗಿರುತ್ತದೆ.

'ಏನ್ ಕಂಪ್ಲೇಂಟ್ ಅಣ್ಣ?'

'ಆಯಿಲ್ ಸೋರ್ತದೆ ಕಣಪ್ಪ.'

'ಜನರಲ್ ಸರ್ವಿಸ್ ಅಂತ ಬರ್ಕೊತೀನಿ, ಅದರಲ್ಲೇ ನೋಡ್ತಾರೆ ಬುಡಣ್ಣ.'

ಇಲ್ಲಿ ಒಪ್ಪಬಾರದು. 'ಅದನ್ನೂ ಬರ್ಕೊ, ಜೊತೆಗೆ ನಾನು ಹೇಳಿದ್ದನ್ನೂ ಬರ್ಕೊಳಪ್ಪ' ಎಂದು ಸಮಾಧಾನವಾಗಿಯೇ ಹೇಳಬೇಕು. 'ಎಂಜಿನ್ನಿನ ಎಡಗಡೆ, ಚೈನಿನ ಹತ್ತಿರ, ಆಯಿಲ್ ಸೋರಿಕೆ' ಎಂದು ಜಾಗ ಸಮೇತ ಬರೆಸಬೇಕು. ದಿನಾಂಕ, ಕಿಲೋಮೀಟರು, ಅವರ ಸಹಿ ಇರಬೇಕು. ಅದರ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಕಾಗದ ಕೊಡದೆ ಮೊಬೈಲಿಗೆ ಕಳಿಸಿದರೆ ಅದನ್ನು ತೆರೆದು ನೋಡಿ, ಹೇಳಿದ ಮಾತು ಅದರಲ್ಲಿದೆಯೇ ಎಂದು ಅಲ್ಲಿಯೇ ಖಾತ್ರಿಮಾಡಿಕೊಳ್ಳಿ.

ಇದಕ್ಕೆ ಇಷ್ಟು ಒತ್ತುಕೊಟ್ಟು ಯಾಕೆ ಹೇಳುತ್ತೇನೆಂದರೆ, ಪಕ್ಕಪಕ್ಕದ ಎರಡು ಮನೆ ಎಂದು ಇಟ್ಟುಕೊಳ್ಳಿ. ಇಬ್ಬರಿಗೂ ಒಂದೇ ಬಗೆಯ ಗಾಡಿ, ವಾರಂಟಿ ಮುಗಿಯಲು ಎರಡು ತಿಂಗಳಿದೆ, ಇಬ್ಬರ ಗಾಡಿಯಲ್ಲೂ ಹನಿ ಸೋರುತ್ತಿದೆ. ಮೊದಲನೆಯವರು ಸುಗ್ಗಿಯ ಕೆಲಸವೆಂದು ಸುಮ್ಮನಾದರು. ಮೂರು ತಿಂಗಳ ಮೇಲೆ ಹಾಲಿನ ಕ್ಯಾನು ಹೊತ್ತ ಗಾಡಿ ದಾರಿಯಲ್ಲಿ ಸೀಜಾಯಿತು. ಅಂಗಡಿಯವರು, 'ವಾರಂಟಿ ತೀರಿದೆ, ಅದೂ ಅಲ್ಲದೆ ನೀವು ಆಯಿಲ್ ನೋಡಿಕೊಳ್ಳದೆ ಓಡಿಸಿದ್ದೀರಿ' ಎನ್ನುತ್ತಾರೆ. ಇವರ ಬಾಯಲ್ಲಿ ನಿಜವಿದೆ, ಕೈಯಲ್ಲಿ ಕಾಗದವಿಲ್ಲ. ಎರಡನೆಯವರು ಹನಿ ಕಂಡ ವಾರದಲ್ಲಿಯೇ ಅರ್ಧ ದಿನದ ಕೆಲಸ ಬಿಟ್ಟು ಹೋಗಿ ಜಾಬ್ ಕಾರ್ಡಿನಲ್ಲಿ ಬರೆಸಿದರು. ಸೀಲು ಬದಲಾಯಿತು. ವಾರಂಟಿ ತೀರಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಸೋರಿದರೂ, 'ದೋಷ ವಾರಂಟಿಯೊಳಗೇ ಶುರುವಾದದ್ದು, ನೀವು ಮಾಡಿದ ರಿಪೇರಿ ನಿಲ್ಲಲಿಲ್ಲ' ಎಂದು ಕೇಳಲು ಇವರಿಗೆ ಆಧಾರವಿದೆ. ಇಬ್ಬರ ಗಾಡಿಗೂ ಭೇದವಿಲ್ಲ. ಭೇದವಿರುವುದು ಒಂದು ಚೀಟಿಯಲ್ಲಿ.

ಗಾಡಿ ವಾಪಸು ತೆಗೆದುಕೊಳ್ಳುವಾಗಲೂ ಆತುರಪಡಬೇಡಿ. ಯಾವ ಸಾಮಾನು ಬದಲಿಸಿದರು ಎಂದು ಬಿಲ್ಲಿನಲ್ಲಿ ಬರೆದಿದೆಯೇ ನೋಡಿ. ವಾರಂಟಿಯಲ್ಲಿ ಮಾಡಿದ ಕೆಲಸವಾದರೆ ಆ ಸಾಮಾನಿನ ಮುಂದೆ ಸೊನ್ನೆ ಬೆಲೆಯಿದ್ದರೂ ಬರಹ ಇರಲೇಬೇಕು. ಆ ರಿಪೇರಿಗಾಗಿ ಇಳಿಸಿದ ಆಯಿಲಿಗೆ ದುಡ್ಡು ಕೇಳಿದರೆ, ಯಾವ ಷರತ್ತಿನ ಮೇಲೆ ಎಂದು ಪುಸ್ತಕದಲ್ಲಿ ತೋರಿಸಲು ಹೇಳಿ. ಆಯಿಲಿನ ಮಟ್ಟವನ್ನು ಅಲ್ಲೇ ನೋಡಿ. ಮನೆಗೆ ಬಂದು ಮೂರು ರಾತ್ರಿ ಗಾಡಿಯ ಕೆಳಗೆ ಹೊಸ ರಟ್ಟು ಹಾಕಿ ಪರೀಕ್ಷಿಸಿ.

ಮತ್ತೆ ಸೋರಿದರೆ ಬೇಸರಪಡದೆ ಮತ್ತೆ ಹೋಗಿ. ಈ ಸಲ 'ಅದೇ ದೋಷ, ಎರಡನೆಯ ಸಲ' ಎಂದು ಬರೆಸಿ. ಅದಕ್ಕೂ ಬಗ್ಗದಿದ್ದರೆ ಅಂಗಡಿಯ ಮಾಲೀಕರಿಗೂ ಕಂಪೆನಿಗೂ ಒಂದು ಕಾಗದ ಬರೆಯಿರಿ. ದೊಡ್ಡ ಭಾಷೆ ಬೇಕಿಲ್ಲ. ಹೀಗೆ ಬರೆದರೆ ಸಾಕು:

'ನನ್ನ ಗಾಡಿ ನಂಬರು ಇಂಥದ್ದು. ಕೊಂಡ ದಿನ ಇಂಥದ್ದು. ಇಂಥ ದಿನ, ಇಷ್ಟು ಕಿಲೋಮೀಟರ್ ಓಡಿದ್ದಾಗ, ಎಂಜಿನ್ನಿನ ಇಂಥ ಜಾಗದಿಂದ ಆಯಿಲ್ ಸೋರುವುದನ್ನು ತಮ್ಮ ಅಂಗಡಿಯಲ್ಲಿ ಬರೆಸಿದ್ದೇನೆ. ಇಂಥ ಇಂಥ ದಿನಗಳಲ್ಲಿ ರಿಪೇರಿ ಮಾಡಿದರೂ ಸೋರಿಕೆ ನಿಂತಿಲ್ಲ. ಎಲ್ಲ ಸರ್ವಿಸುಗಳನ್ನೂ ಗಡುವಿನಲ್ಲಿ ಮಾಡಿಸಿದ್ದೇನೆ. ಹದಿನೈದು ದಿನದೊಳಗೆ ವಾರಂಟಿಯಲ್ಲಿ ಪೂರ್ತಿ ಸರಿಮಾಡಿಕೊಡಬೇಕೆಂದು ಕೋರುತ್ತೇನೆ.'

ಇದರ ಜೊತೆ ಜಾಬ್ ಕಾರ್ಡುಗಳ ಜೆರಾಕ್ಸ್ ಪ್ರತಿ ಇಡಿ. ಮೂಲ ಕಾಗದಗಳನ್ನು ಯಾರ ಕೈಗೂ ಕೊಡಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ.

ಕಾಗದಕ್ಕೂ ಉತ್ತರ ಬರದಿದ್ದರೆ 1915 ಎಂಬ ನಂಬರಿಗೆ ಫೋನು ಮಾಡಬಹುದು. ಇದು ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲಿಯೇ ಮಾತನಾಡಬಹುದು. ಅವರು ದೂರನ್ನು ಕಂಪೆನಿಗೆ ಮುಟ್ಟಿಸಿ ರಾಜಿಯಲ್ಲಿ ಬಗೆಹರಿಸಲು ಯತ್ನಿಸುತ್ತಾರೆ. ಅಲ್ಲಿಯೂ ಆಗದಿದ್ದರೆ ಮೈಸೂರಿನಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಂದು ಜಾರಿಗೆ ಬಂದ ಮೇಲೆ ಕೆಲವು ಅನುಕೂಲಗಳಾಗಿವೆ. ಕಂಪೆನಿಯ ಕಛೇರಿ ಯಾವ ಊರಿನಲ್ಲಿದ್ದರೂ ಸರಿ, ನಾವು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ಕಟ್ಟೂ ಇಲ್ಲ. ದೂರಿಗೆ ಕಾರಣವಾದ ಸಂಗತಿ ನಡೆದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

'ನಾವು ವ್ಯವಸಾಯಕ್ಕೆ ಗಾಡಿ ಇಟ್ಟವರು, ಹಾಲು ಹಾಕುವವರು, ಇದು ವ್ಯಾಪಾರವಾಗುವುದಿಲ್ಲವೇ, ನಮ್ಮನ್ನು ಗ್ರಾಹಕರೆಂದು ಒಪ್ಪುತ್ತಾರೆಯೇ?' ಎಂದು ಕೆಲವರಿಗೆ ಅನುಮಾನ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡು ತಾನೇ ಬಳಸುವವನು ಗ್ರಾಹಕನೇ ಎಂದು ಕಾಯಿದೆಯಲ್ಲಿಯೇ ವಿವರಣೆಯಿದೆ. ಬಿತ್ತನೆ ಬೀಜದ ವಿಚಾರದಲ್ಲಿಯೂ ಹಿಂದೆ ಇದೇ ಪ್ರಶ್ನೆ ಎದ್ದು, ಬೀಜ ಕೊಂಡ ರೈತರು ಗ್ರಾಹಕರೇ ಎಂದು 2012ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ದೂರು ರುಜುವಾತಾದರೆ ಆಯೋಗವು ದೋಷವನ್ನು ಸರಿಪಡಿಸಲು ಹೇಳಬಹುದು. ಗಾಡಿಯನ್ನು ಬದಲಿಸಿಕೊಡಲು, ಹಣ ಹಿಂದಿರುಗಿಸಲು, ಪರಿಹಾರ ಕೊಡಲು ಸಹ ಹೇಳಬಹುದು. ಆದರೆ ಒಂದು ಸೀಲು ಸೋರಿತೆಂದು ಹೊಸ ಗಾಡಿಯೇ ಬರುತ್ತದೆಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ. ರಿಪೇರಿಯಿಂದ ಸರಿಹೋಗುವ ದೋಷಕ್ಕೆ ರಿಪೇರಿಯೇ ಮೊದಲ ಪರಿಹಾರ. ದೋಷವಿದೆಯೆಂದು ತೋರಿಸುವ ಹೊಣೆ ಸಾಮಾನ್ಯವಾಗಿ ದೂರು ಕೊಟ್ಟವರ ಮೇಲೆಯೇ ಬೀಳುತ್ತದೆ. ಆ ಹೊತ್ತಿನಲ್ಲಿ ನಮ್ಮ ಪರವಾಗಿ ಮಾತನಾಡುವುದು ಆ ಜಾಬ್ ಕಾರ್ಡುಗಳೇ.

ಇಷ್ಟೆಲ್ಲ ಕೇಳಿ ಗಾಬರಿಯಾಗಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ತೋರಿಸಿ, ಕೇಳಬೇಕಾದ್ದನ್ನು ನಯವಾಗಿ ಕೇಳಿದರೆ ಆಯಿಲ್ ಸೋರಿಕೆಯಂಥ ಕೆಲಸ ಸಾಮಾನ್ಯವಾಗಿ ಅಂಗಡಿಯಲ್ಲಿಯೇ ಮುಗಿಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಜಗಳವೂ ಬೇಡ, ಸಂಕೋಚವೂ ಬೇಡ. ವಾರಂಟಿ ಯಾರೂ ನಮಗೆ ಮಾಡುವ ಉಪಕಾರವಲ್ಲ. ಗಾಡಿಗೆ ಕೊಟ್ಟ ಹಣದಲ್ಲಿಯೇ ಅದರ ಬೆಲೆಯೂ ಸೇರಿದೆ.

ಕೊನೆಯದಾಗಿ ಮೂರು ಮಾತು ನೆನಪಿಡಿ. ಹನಿ ಕಂಡ ವಾರದಲ್ಲಿಯೇ ಅಧಿಕೃತ ಅಂಗಡಿಯಲ್ಲಿ ತೋರಿಸಿ. ಅಲ್ಲಿಗೆ ಮುಟ್ಟುವ ತನಕ ಎಂಜಿನ್ ಬಿಚ್ಚಿಸಬೇಡಿ, ಆಯಿಲ್ ಇಳಿಯಗೊಡಬೇಡಿ. ಸೋರಿಕೆ ಎಂಬ ಮಾತು ದಿನಾಂಕದೊಂದಿಗೆ ಕಾಗದದ ಮೇಲೆ ಬಂದ ಹೊರತು ಅಂಗಡಿಯ ಮೆಟ್ಟಿಲು ಇಳಿಯಬೇಡಿ. ಈ ಕಾಗದಗಳನ್ನೆಲ್ಲ ಪಹಣಿ, ಪಾಸ್‌ಬುಕ್ಕು ಇಡುವ ಪೆಟ್ಟಿಗೆಯಲ್ಲಿಯೇ ಒಂದು ಚೀಲಕ್ಕೆ ಹಾಕಿಡಿ. ಅಂಗಡಿಗೆ ಯಾವಾಗ ಹೋಗಬೇಕೆಂದು ಯೋಚಿಸುವವರಿಗೆ ಒಂದು ಸೂಚನೆ: ನಾಟಿಗೂ ಕುಯ್ಲಿಗೂ ನಡುವೆ ಬಿಡುವಿರುವ ಈ ದಿನಗಳಲ್ಲಿಯೇ ಗಾಡಿಯ ಪುಸ್ತಕ ತೆಗೆದು, ವಾರಂಟಿ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅದಕ್ಕೆ ಒಂದು ತಿಂಗಳು ಮೊದಲೇ ಗಾಡಿಯನ್ನು ಒಮ್ಮೆ ಪೂರ್ತಿ ತೋರಿಸಿಕೊಂಡು ಬನ್ನಿ.